ಬೈತಲೆ ಹೇಳುವ ಹೆಸರು

ಬೆಂಗಳೂರಿನ ರಾಜಾಜಿನಗರದಲ್ಲಿ ಮೆಟ್ರೊ ಹತ್ತಿದರೆ ಯಶವಂತಪುರ ಮೂರನೆಯ ನಿಲ್ದಾಣ. 1891ರಲ್ಲಿ ಅಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಇವರ ಆಳ್ವಿಕೆಯವು. ಹತ್ತಿರ ಹತ್ತಿರ 2000 ವರ್ಷ ಹಳೆಯವು.

ಭಾರತದಲ್ಲಿ ದೊರೆತಿರುವ ಟೈಬೀರಿಯಸನ ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಮುಂದೆ ಅವನ ಮುಖ, ಹಿಂದೆ ರಾಜದಂಡ ಹಿಡಿದು ಕೂತಿರುವ ಹೆಂಗಸು. ಅವಳ ಹೆಸರಿಲ್ಲ. ಅವಳು ಅವನ ತಾಯಿ, ಅಗಸ್ಟಸನ ಪತ್ನಿ ಲಿವಿಯಾ ಇರಬೇಕೆಂದು ಹಲವು ವಿದ್ವಾಂಸರ ಊಹೆ. ಎರಡು ಸೆಂಟಿಮೀಟರೂ ಅಗಲವಿಲ್ಲದ ಬಿಲ್ಲೆಯಲ್ಲಿ ಕೂತ ಈಕೆಯೇ ಯುರೋಪಿನ ಮ್ಯೂಸಿಯಂಗಳಲ್ಲಿ ಆಳೆತ್ತರದ ಅಮೃತಶಿಲೆಯಾಗಿ ನಿಂತಿದ್ದಾಳೆ.

ಅಮೃತಶಿಲೆಗೂ ಹೆಸರಿನ ಭಾಗ್ಯ ಕಡಿಮೆ. ರೋಮಿನ ಶಿಲ್ಪಿಗಳು ಎಷ್ಟೋ ಸಲ ತಲೆಯನ್ನು ಬೇರೆ ಕಡೆದು ಮುಂಡದ ಕುಳಿಯಲ್ಲಿ ಕೂರಿಸುತ್ತಿದ್ದರು. ಕಾಲಾಂತರದಲ್ಲಿ ತಲೆ ಒಂದೂರಿಗೆ, ಶಾಸನವಿದ್ದ ಪೀಠ ಇನ್ನೊಂದೂರಿಗೆ. ಆಗ ಗುರುತು ಹಿಡಿಯಲು ಉಳಿಯುವುದು ಮುಖ್ಯವಾಗಿ ಕೂದಲು. ಲಿವಿಯಾಳ ಮೊದಮೊದಲ ಶಿಲ್ಪಗಳಲ್ಲಿ ಹಣೆಯ ಮೇಲೆ ಸುರುಳಿ ಸುತ್ತಿದ ಗಂಟಿದೆ. ಆಮೇಲಿನವುಗಳಲ್ಲಿ ನಡುಬೈತಲೆ, ಎರಡೂ ಕಡೆ ಅಲೆಯಲೆಯಾಗಿ ಇಳಿದ ಕೂದಲು. ಕ್ರಿ.ಶ. 22-23ರ ಒಂದು ಹಿತ್ತಾಳೆ ನಾಣ್ಯದಲ್ಲೂ ಇದೇ ಬೈತಲೆ ಇದೆ. ಅಲ್ಲಿ ಕೊರೆದಿರುವುದು ಆರೋಗ್ಯದೇವತೆಯ ಹೆಸರಾದರೂ ಮುಖ ರಾಜಮಾತೆಯದೇ ಎಂಬುದು ಆ ಕಾಲದವರಿಗೆ ತಿಳಿದಿದ್ದೀತು! ನಾಣ್ಯದ ವರ್ಷ ಗೊತ್ತಿರುವುದರಿಂದ ಶಿಲ್ಪದ ಕಾಲವೂ ಅಂದಾಜಿಗೆ ಸಿಗುತ್ತದೆ.

ಇನ್ನು ಕಲ್ಲು. ನಮ್ಮ ಬೆಂಗಳೂರಿನ ಬಂಡೆ ಕಬ್ಬಿಣದ ಉಳಿಯನ್ನೂ ಸತಾಯಿಸುತ್ತದೆ. ಅಮೃತಶಿಲೆ ಮೆದು; ಅದು ಸುಣ್ಣದಕಲ್ಲು ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಸಿಕ್ಕು ಮರುಹರಳುಗಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟ್. ಬೆಳಕು ಅದರೊಳಗೆ ತುಸು ಇಳಿದು ಚದುರಿ ಹೊರಬರುವುದರಿಂದ ಕೆನ್ನೆಗೆ ಚರ್ಮದ ಕಳೆ ಬರುತ್ತದೆ. ಮನೆಯ ಮಾರ್ಬಲ್ ನೆಲಕ್ಕೆ ನಿಂಬೆರಸ ಚೆಲ್ಲಿ ಬೈಸಿಕೊಂಡವರಿಗೆ ಅದರ ದೌರ್ಬಲ್ಯವೂ ಗೊತ್ತು: ಆಮ್ಲ ತಾಗಿದರೆ ಕಲ್ಲು ಕರಗಿ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಪ್ರಯೋಗಾಲಯದಲ್ಲಿ ಇದೇ ದೌರ್ಬಲ್ಯ ಕೆಲಸಕ್ಕೆ ಬರುತ್ತದೆ. ಚಿಟಿಕೆಯಷ್ಟು ಪುಡಿಗೆ ಫಾಸ್ಫಾರಿಕ್ ಆಮ್ಲ ಹಾಕಿ, ಹೊರಟ ಅನಿಲದಲ್ಲಿ ಇಂಗಾಲ, ಆಮ್ಲಜನಕಗಳ ಭಾರದ ಮತ್ತು ಹಗುರ ಐಸೊಟೋಪುಗಳ ಪ್ರಮಾಣ ಅಳೆಯುತ್ತಾರೆ. ಆ ಪ್ರಮಾಣ ಗಣಿಯಿಂದ ಗಣಿಗೆ ಬೇರೆ. ಕಲ್ಲು ಇಟಲಿಯ ಕರಾರಾದ್ದೋ ಗ್ರೀಸಿನ ಪಾರೋಸ್ ದ್ವೀಪದ್ದೋ ಎಂದು ಹೇಳಲು, ಹರಳಿನ ಗಾತ್ರವನ್ನೂ ಸೇರಿಸಿ ನೋಡಿದರೆ, ಬಹುಮಟ್ಟಿಗೆ ಸಾಧ್ಯ.

ಈ ಶಿಲ್ಪಗಳ ಇಂದಿನ ಬಿಳುಪು ಮೂಲದ್ದಲ್ಲ. ತುಟಿ, ಕೂದಲು, ಸೀರೆಯಂಥ ಹೊದಿಕೆ ಎಲ್ಲಕ್ಕೂ ಬಣ್ಣ ಬಳಿಯುತ್ತಿದ್ದರು. ಅದರಲ್ಲಿ ಬಳಸುತ್ತಿದ್ದ ಈಜಿಪ್ಟಿನ ನೀಲಿ, ಕಣ್ಣಿಗೆ ಕಾಣದಷ್ಟು ಅಳಿದಿದ್ದರೂ, ಬೆಳಕು ಬಿಟ್ಟಾಗ ಅವಕೆಂಪು ಕ್ಯಾಮೆರಾದಲ್ಲಿ ಹೊಳೆಯುತ್ತದೆ. ನಮ್ಮ ಗೋಪುರಗಳ ಬಣ್ಣ ಕಂಡು ಮೂಗು ಮುರಿಯುವವರು ಆ ಚಿತ್ರಗಳನ್ನೊಮ್ಮೆ ನೋಡಬೇಕು.

ಯಶವಂತಪುರದ ಬೆಳ್ಳಿ ಕೈಸೇರಿದವರಿಗೆ ಲಿವಿಯಾ ಯಾರೆಂಬುದು ಬಹುಶಃ ಬೇಕಿರಲಿಲ್ಲ, ತೂಕ ಬೇಕಿತ್ತು. ಕ್ರಿ.ಶ. 64ರ ಸುಮಾರಿಗೆ ನೀರೋ ಚಕ್ರವರ್ತಿ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ತಗ್ಗಿಸಿದ. ದಕ್ಷಿಣ ಭಾರತದ ನಿಧಿಗಳಲ್ಲಿ ಅವನಿಗಿಂತ ಹಿಂದಿನ ನಾಣ್ಯಗಳದೇ ರಾಶಿ.