ಅರ್ಧಕ್ಕೆ ಬಿಟ್ಟ ಗುಳಿಗೆ



ಹತ್ತಿ ಬೆಳೆಯುವವರಿಗೆ ಈ ಸಂಗತಿ ಹೊಸದಲ್ಲ. ಮೊದಮೊದಲು ಒಂದೇ ಸಿಂಪರಣೆಗೆ ಉದುರಿ ಬೀಳುತ್ತಿದ್ದ ಕಾಯಿಕೊರಕ ಹುಳು ಬರಬರುತ್ತ ಅದೇ ಸಿಂಪರಣೆಗೆ ಜಗ್ಗದಾಗುತ್ತದೆ. ಸಾವಿರ ಹುಳುಗಳು ಸತ್ತರೂ ಗಟ್ಟಿಯಾದ ಒಂದೆರಡು ಉಳಿಯುತ್ತವೆ. ಮುಂದಿನ ಸಂತತಿಯೆಲ್ಲ ಅವುಗಳದೇ. ಕ್ಷಯದ ರೋಗಾಣುಗಳ ವಿಷಯದಲ್ಲಿಯೂ ನಡೆಯುವುದು ಹೀಗೆಯೇ.

1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತಾಗ ಕ್ಷಯವನ್ನು ಗೆದ್ದೆವೆಂದು ಜನ ಹಿಗ್ಗಿದರು. ಆದರೆ ಅದೊಂದನ್ನೇ ಪಡೆದ ರೋಗಿಗಳಲ್ಲಿ ಅನೇಕರು ಮೊದಲು ಚೇತರಿಸಿಕೊಂಡು, ಕೆಲವೇ ತಿಂಗಳುಗಳಲ್ಲಿ ಮತ್ತೆ ಹಾಸಿಗೆ ಹಿಡಿದರು. ಕೋಟಿಗಟ್ಟಲೆ ರೋಗಾಣುಗಳ ನಡುವೆ ಆ ಔಷಧಕ್ಕೆ ಬಗ್ಗದ ಕೆಲವು ಇದ್ದೇ ಇರುತ್ತವೆ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕಲೆಂದೇ ಇಂದು ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು ನಾಲ್ಕು ಔಷಧಗಳನ್ನೂ ಅನಂತರ 4 ತಿಂಗಳು ಮೂರನ್ನೂ ಪ್ರತಿದಿನ ಕೊಡಲಾಗುತ್ತದೆ.

ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ತಗ್ಗುತ್ತದೆ, ಹಸಿವು ಹುಟ್ಟುತ್ತದೆ, ಮೈಗೆ ಕಸುವು ಬರುತ್ತದೆ. ಅಪಾಯವಿರುವುದು ಇಲ್ಲಿಯೇ. ‘ಗುಣವಾಯಿತಲ್ಲ, ಇನ್ನೇಕೆ ಗುಳಿಗೆ?’ ಎಂದು ಮನೆಯ ಯಜಮಾನರು ಅದನ್ನು ಬಿಟ್ಟು ಹೊಲಕ್ಕೆ ಹೊರಡುತ್ತಾರೆ. ಸಾಯದೆ ಉಳಿದ ರೋಗಾಣುಗಳು ಮತ್ತೆ ಹೆಚ್ಚುತ್ತವೆ. ಅವರ ಕೆಮ್ಮಿನಿಂದ ಹೆಂಡತಿಗೂ ಕಂಕುಳ ಕೂಸಿಗೂ ಔಷಧಕ್ಕೆ ಬಗ್ಗದ ಕ್ಷಯವೇ ತಗಲಬಹುದು. ಒಂದು ಗುಳಿಗೆಯನ್ನೂ ನುಂಗದವರು ಹೀಗೆ ಶಿಕ್ಷೆ ಅನುಭವಿಸುತ್ತಾರೆ.

ಒಂದು ಔಷಧ ಸೋತರೆ ಮತ್ತೊಂದು ಬಾರದೇ ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ಬಲು ನಿಧಾನ. ಇಂದಿನ ಚಿಕಿತ್ಸೆಗೆ ಆಧಾರವಾದ ರಿಫಾಂಪಿಸಿನ್ 1960ರ ದಶಕದ್ದು. ಅದಾದ ಮೇಲೆ ಬೆಡಾಕ್ವಿಲಿನ್ ಎಂಬ ಹೊಸ ಬಗೆಯ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 2012ರಲ್ಲಿ. ನಮ್ಮ ಸರ್ಕಾರಿ ಚಿಕಿತ್ಸೆಗೆ ಅದು ಬಂದದ್ದು 2016ರಲ್ಲಿ. ನಡುವೆ 40 ವರ್ಷಗಳೇ ಸಂದವು. ಕ್ಷಯದ ರೋಗಾಣುವಿಗೆ ಮೇಣದಂಥ ದಪ್ಪ ಹೊದಿಕೆಯುಂಟು. ಬೇರೆ ಕೆಲವು ರೋಗಾಣುಗಳು ಅರ್ಧ ಗಂಟೆಯೊಳಗೆ ಇಮ್ಮಡಿಸಿದರೆ ಇದಕ್ಕೆ ಸುಮಾರು ಒಂದು ದಿನ ಬೇಕು. ಆದುದರಿಂದ ಹೊಸ ಔಷಧವೊಂದನ್ನು ಪರೀಕ್ಷಿಸಿ ನೋಡಲು ವರ್ಷಗಳೇ ಹಿಡಿಯುತ್ತವೆ. ರೋಗಿಗಳಲ್ಲಿ ಬಹುಪಾಲು ಬಡವರಾದುದರಿಂದ ಲಾಭ ನೋಡುವ ಕಂಪನಿಗಳು ಇತ್ತ ಮುಖ ಮಾಡುವುದು ಕಡಿಮೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಬೆಡಾಕ್ವಿಲಿನ್‌ಗೆ ಬಗ್ಗದ ರೋಗಾಣುಗಳೂ ಈಗಾಗಲೇ ಕಂಡುಬಂದಿವೆ.

ದಂಪತಿಗಳು ತಿಳಿದಿರಬೇಕಾದ ಇನ್ನೊಂದು ವಿಷಯವುಂಟು. ರಿಫಾಂಪಿಸಿನ್ ಸೇವಿಸುವಾಗ ಮಾಲಾ-ಎನ್‌ನಂಥ ಗರ್ಭನಿರೋಧಕ ಗುಳಿಗೆಗಳ ಬಲ ಕುಗ್ಗುತ್ತದೆ. ದಿನ ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು. ಅದಕ್ಕಾಗಿ ಕ್ಷಯದ ಔಷಧವನ್ನು ನಿಲ್ಲಿಸಕೂಡದು. ಚಿಕಿತ್ಸೆಯುದ್ದಕ್ಕೂ, ಮುಗಿದ ಮೇಲೆ ಒಂದು ತಿಂಗಳೂ, ನಿರೋಧ್ ಬಳಸಿರಿ. ಇಲ್ಲವೇ ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿರಿ. ಗರ್ಭಿಣಿಯಾದವರೂ ಚಿಕಿತ್ಸೆ ಬಿಡಬಾರದು. ಆದರೆ ತಾವು ಗರ್ಭಿಣಿಯೆಂದು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಈ ಗುಳಿಗೆ ನುಂಗುವ ತಾಯಿ ಮಗುವಿಗೆ ಎದೆಹಾಲು ಕೊಡಬಹುದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಔಷಧದ ಬಣ್ಣ. ಕಣ್ಣು ಹಳದಿಯಾದರೆ ಮಾತ್ರ ಆ ದಿನವೇ ವೈದ್ಯರ ಬಳಿಗೆ ಹೋಗಿರಿ.

ಹೆಂಡತಿಗೆ ಕ್ಷಯವೆಂದು ತಿಳಿದೊಡನೆ ಅವಳನ್ನು ತವರಿಗೆ ಅಟ್ಟುವ ಮನೆಗಳು ಇನ್ನೂ ಇವೆ. ಹಾಗೆ ಅಟ್ಟಿದಾಗ ಗುಳಿಗೆಯ ಲೆಕ್ಕ ಇಡುವವರು ಯಾರು? ಗಂಡ ನುಂಗಿದ್ದನ್ನು ಹೆಂಡತಿ, ಹೆಂಡತಿ ನುಂಗಿದ್ದನ್ನು ಗಂಡ ದಿನವೂ ಗುರುತು ಹಾಕಿಟ್ಟರೆ ಆರು ತಿಂಗಳು ದೊಡ್ಡದಲ್ಲ.

ಕಬ್ಬು ಕಡಿಯಲೋ ಕಟ್ಟಡದ ಕೆಲಸಕ್ಕೋ ಗುಳೆ ಹೊರಡುವವರು ಹೊರಡುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಎಲ್ಲಿಗೆ ಹೋಗುವಿರೆಂದು ತಿಳಿಸಿರಿ. ಚಿಕಿತ್ಸೆಯ ಚೀಟಿಯನ್ನು ಜೊತೆಗೆ ಇಟ್ಟುಕೊಳ್ಳಿರಿ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿಯೂ ಅದೇ ಗುಳಿಗೆ ಹಣವಿಲ್ಲದೆ ದೊರೆಯುತ್ತದೆ.