ಎಷ್ಟನೇ ಪುಟ, ಮಾರಾಯ್ರೆ?

ಬುಕ್ ಪೋಸ್ಟ್‌ಗೆ ಒಂದು ನಿಯಮವಿತ್ತು. ಪೊಟ್ಟಣದ ತುದಿ ಅಂಟಿಸುವಂತಿಲ್ಲ. ಒಳಗಿರುವುದು ಪುಸ್ತಕವೇ ಹೌದೋ, ಕಡಿಮೆ ದರದ ಆಸೆಗೆ ಯಾರಾದರೂ ಮನೆಯ ಕಾಗದವನ್ನೂ ತುರುಕಿದ್ದಾರೋ ಎಂದು ಅಂಚೆಯವರು ಎಳೆದು ನೋಡುವ ಹಾಗಿರಬೇಕು. ಗುಟ್ಟಿಗೆ ಹೆಚ್ಚು ಸ್ಟಾಂಪು, ಬಯಲಿಗೆ ಕಡಿಮೆ. ನಾನು 1982ರಲ್ಲಿ ಇ.ಡಿ. (ಇಲಾಖೇತರ) ಅಂಚೆಯವನಾಗಿ ಸೇರಿ 2019ರಲ್ಲಿ ಚೀಲ ಕೆಳಗಿಟ್ಟವನು. ಆ ಮೂವತ್ತೇಳು ವರ್ಷ, ನಮ್ಮ ಅಡ್ಡಗದ್ದೆ ಸುತ್ತಿನ ಯಾವ ಮನೆಯ ಜಗಲಿಯಲ್ಲಿ ಯಾವ ಪುಸ್ತಕ ಕೂತಿದೆ ಎಂಬುದು ಈ ತೆರೆದ ತುದಿಯ ದೆಸೆಯಿಂದ ನನಗೆ ಗೊತ್ತಿರುತ್ತಿತ್ತು. ಇನ್ನೊಬ್ಬರ ಕಾಗದ ಓದುವುದು ತಪ್ಪು. ಪುಸ್ತಕದ ಹೆಸರು ಓದುವುದು ತಪ್ಪಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಗೊತ್ತಿದ್ದರೂ ಕೇಳುವ ಹಾಗಿರಲಿಲ್ಲ. ನಮ್ಮ ಕಡೆ ಊರೆಂದರೆ ಬೀದಿಯಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಗುಡ್ಡ, ಒಂದು ಸಂಕ. ಮಳೆಗಾಲದಲ್ಲಿ ಕಾಲಿಗೆ ಉಂಬಳ ಹತ್ತಿಸಿಕೊಂಡು ಬಂದ ಅಂಚೆಯವನು ಟಪಾಲು ಕೊಟ್ಟು ಮುಂದೆ ಹೋಗಬೇಕೇ ಹೊರತು, "ಆ ಕಾದಂಬರಿ ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತ ನಿಂತರೆ ಉಳಿದವರ ಮನಿಯಾರ್ಡರಿನ ಗತಿ?

ಮೊದಲು ಕೇಳಿದವನು ನಾನಲ್ಲ. ಹಳ್ಳದಾಚೆ ಮನೆಯ ಅಮ್ಮ ಕೇಳಿದರು. ಅವರಿಗೊಂದು ವಿ.ಪಿ. ಬಂದಿತ್ತು, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಬಾಳೆಗೊನೆ ಮಾರಿದ ದುಡ್ಡನ್ನು ಎಣಿಸಿ ಕೊಟ್ಟು ಬಿಡಿಸಿಕೊಂಡಿದ್ದರು. ಮುಂದಿನ ವಾರ ಹೋದಾಗ, "ಅರ್ಧ ಆಯ್ತು. ನೀವು ಓದಿದೀರಾ?" ಎಂದರು. ಇಲ್ಲ ಎಂದೆ. "ಮುಗಿದ ಮೇಲೆ ಕೊಡ್ತೀನಿ. ಈಗ ಕೂತ್ಕೊಳ್ಳಿ, ಇಲ್ಲಿವರೆಗಿಂದು ಹೇಳ್ತೀನಿ." ಕಷಾಯದ ಲೋಟ ಕೈಗೆ ಕೊಟ್ಟು, ಬಾಲವಿಧವೆಯಾದ ಫಣಿಯಮ್ಮನ ಅರ್ಧ ಬದುಕು ಹೇಳಿದರು. ಉಳಿದರ್ಧ ಅವರಿಗೂ ಗೊತ್ತಿರಲಿಲ್ಲ. ಮುಂದೆ ಆ ಹೆಂಗಸಿಗೆ ಏನಾಗಬಹುದು ಎಂದು ನಾವಿಬ್ಬರೂ ಪಕ್ಕದ ಮನೆಯವರ ಕಷ್ಟ ಮಾತಾಡಿದ ಹಾಗೆ ಮಾತಾಡಿದೆವು. ಆ ದಿನ ಟಪಾಲು ಮುಕ್ಕಾಲು ಗಂಟೆ ತಡವಾಯಿತು.

ಇಂದಿರಾ ಅವರು ನಮ್ಮ ಕಡೆಯವರೇ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ನರಸಿಂಹರಾಜಪುರ ಅವರ ಊರು. ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ಅಷ್ಟರಲ್ಲಿ ಅವರಿಗೆ ನಲವತ್ತು ದಾಟಿ ಆರು ವರ್ಷ. ಇದನ್ನು ಹೇಳಿದಾಗ ಅಮ್ಮ, "ಹಾಗಾದ್ರೆ ನಂಗೂ ಟೈಮುಂಟು" ಎಂದಿದ್ದರು. ಬರೆಯಲಿಲ್ಲ. ಓದುವುದನ್ನು ಬಿಡಲೂ ಇಲ್ಲ. ಈಗ ಎಪ್ಪತ್ತೆಂಟು.

ಅವತ್ತಿನಿಂದ ನನಗೊಂದು ವಿಷಯ ಹಿಡಿಸಿಬಿಟ್ಟಿತು. ಪುಸ್ತಕ ಮುಗಿಸಿದವರ ಹತ್ತಿರ ಮಾತಾಡಿದರೆ ತೀರ್ಪು ಸಿಗುತ್ತದೆ. ಚೆನ್ನಾಗಿದೆ, ಸುಮಾರು, ಕೊನೆಗೆ ಎಳೆದಿದ್ದಾರೆ, ಅಷ್ಟೇ. ನಡುವಿನಲ್ಲಿ ಇರುವವರ ಹತ್ತಿರ ಸಿಗುವುದು ಕಳವಳ. ಅವರಿನ್ನೂ ದಾರಿಯಲ್ಲಿದ್ದಾರೆ, ಜೊತೆಗೆ ನಾಲ್ಕು ಹೆಜ್ಜೆ ನಡೆಯಬಹುದು.

ಹಿಂದೆ ಯಾರು ಎಷ್ಟನೇ ಪುಟದಲ್ಲಿದ್ದಾರೆಂದು ಪ್ರತ್ಯೇಕವಾಗಿ ಕೇಳಬೇಕಿರಲಿಲ್ಲ. 'ಸುಧಾ' ವಾರಪತ್ರಿಕೆ 1965ರಲ್ಲಿ ಶುರುವಾದದ್ದು, 'ತರಂಗ' 1983ರಲ್ಲಿ. ನಾನು ತಲುಪಿಸಿದ ಒಂದು ಪ್ರತಿ ಏಳು ಮನೆ ಸುತ್ತುತ್ತಿತ್ತು. ಏಳನೇ ಮನೆಗೆ ಮುಟ್ಟುವಾಗ ರಕ್ಷಾಪುಟ ಹೋಗಿರುತ್ತಿತ್ತು, ಪದಬಂಧ ಯಾರೋ ತಪ್ಪುತಪ್ಪಾಗಿ ತುಂಬಿರುತ್ತಿದ್ದರು. ಆದರೆ ಧಾರಾವಾಹಿಯ ವಿಷಯದಲ್ಲಿ ಇಡೀ ಸುತ್ತು ಒಂದೇ ಪುಟದಲ್ಲಿರುತ್ತಿತ್ತು. ಎಷ್ಟೇ ಗಡಿಬಿಡಿ ಇದ್ದರೂ ಮುಂದಿನ ವಾರದ ಚೀಲ ಬರುವ ತನಕ ಯಾರೂ ಮುಂದೆ ಹೋಗುವಂತಿಲ್ಲ. ಹುಬ್ಬಳ್ಳಿಯ 'ಕಸ್ತೂರಿ' 1956ರಿಂದ ಬರುತ್ತಿತ್ತು. ಅದರ ಕೊನೆಯ ಪುಸ್ತಕ ವಿಭಾಗದಲ್ಲಿ ಒಂದಿಡೀ ಗ್ರಂಥವನ್ನು ಭಟ್ಟಿ ಇಳಿಸಿ ಕೊಡುತ್ತಿದ್ದರು. ಅದನ್ನು ಓದಿ ಮೂಲವನ್ನೇ ಓದಿದೆ ಎಂದು ಜಂಬ ಕೊಚ್ಚುವವರೂ ಇದ್ದರು. ಹೆಸರು ಹೇಳುವುದಿಲ್ಲ, ಒಬ್ಬ ನಾನೇ.

ಅದಕ್ಕೂ ಹಿಂದಿನದು ಅಡಿಕೆ ಸುಲಿಯುವ ರಾತ್ರಿಗಳು. ಮೆಟ್ಟುಕತ್ತಿಯ ಹಲಗೆಯನ್ನು ಕಾಲಲ್ಲಿ ಒತ್ತಿಕೊಂಡು ಕೂತರೆ ಕೈಗೆ ಕೆಲಸ, ಕಿವಿ ಖಾಲಿ. ನಾನು ಹುಡುಗನಾಗಿದ್ದಾಗ ಲಾಟೀನಿನ ಹತ್ತಿರ ಕೂರಿಸಿ ಓದಿಸುತ್ತಿದ್ದರು. ಲಕ್ಷ್ಮೀಶನ 'ಜೈಮಿನಿ ಭಾರತ' ಇರಬಹುದು. ಆತ ನಮ್ಮ ಜಿಲ್ಲೆಯವನೇ, ಕಡೂರು ಕಡೆಯ ದೇವನೂರಿನವನು. ಷಟ್ಪದಿ ಹೇಳುವುದು ಒಬ್ಬರು, ಅರ್ಥ ಬಿಡಿಸುವುದು ಇನ್ನೊಬ್ಬರು, ನಡುವೆ ತಕರಾರು ತೆಗೆಯುವುದು ಎಲ್ಲರೂ. ಬಯಲುಸೀಮೆಯಲ್ಲಿ ಮಳೆ ಬರಲೆಂದು ವಿರಾಟಪರ್ವ ಓದಿಸುತ್ತಾರೆ. ನಮ್ಮಲ್ಲಿ, ಆಗುಂಬೆಯ ಮಗ್ಗುಲಲ್ಲಿ, ಆಷಾಢದಲ್ಲಿ ಯಾರಾದರೂ ವಿರಾಟಪರ್ವ ತೆಗೆದರೆ ಬೈದು ಮುಚ್ಚಿಸುತ್ತಿದ್ದರು.

ಈಗ ಸುಲಿಯುವ ಯಂತ್ರ ಬಂದಿದೆ. ಆಳಿಲ್ಲದ ಕಾಲಕ್ಕೆ ಅದು ಬೇಕೇ ಬೇಕು, ದೂರುವುದಿಲ್ಲ. ಆದರೆ ಅದರ ಸದ್ದಿನ ಹತ್ತಿರ ಯಾರೂ ಯಾರಿಗೂ ಏನೂ ಓದಿ ಹೇಳಲಾರರು. ಕ್ಯೂಬಾದ ಹವಾನಾದಲ್ಲಿ ಚುಟ್ಟಾ ಸುತ್ತುವ ಕಾರ್ಖಾನೆಗಳಲ್ಲಿ 1865ರಿಂದ ಇಂಥದೇ ಪದ್ಧತಿ ಬಂತಂತೆ. ಕೆಲಸಗಾರರೇ ದುಡ್ಡು ಹಾಕಿ ಒಬ್ಬ ಓದುಗನನ್ನು ನೇಮಿಸಿಕೊಂಡು, ದಿನವಿಡೀ ಪತ್ರಿಕೆ, ಕಾದಂಬರಿ ಓದಿಸುತ್ತಿದ್ದರು. ಡೂಮಾನ ಕಾದಂಬರಿ ಎಷ್ಟು ಹಿಡಿಸಿತೆಂದರೆ ಮಾಂಟೆಕ್ರಿಸ್ಟೊ ಎಂಬ ಹೆಸರಿನ ಸಿಗಾರೇ ಬಂತು. ನಮ್ಮಲ್ಲಿ ಜೈಮಿನಿ ಭಾರತದ ಸುಧನ್ವನ ಹೆಸರಲ್ಲಿ ಒಂದು ಅಡಿಕೆ ಬರಲಿಲ್ಲ ನೋಡಿ.

ನಿವೃತ್ತಿಯಾದ ಮೇಲೆ ಚೀಲವೂ ಇಲ್ಲ, ತೆರೆದ ತುದಿಯೂ ಇಲ್ಲ. ಯಾರು ಏನು ಓದುತ್ತಿದ್ದಾರೆಂದು ತಿಳಿಯದೆ ಕೈ ಮುರಿದ ಹಾಗಾಯಿತು. 2020ರ ಲಾಕ್‌ಡೌನಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ದಾರ ಪೋಣಿಸಿ ನಮ್ಮ ಜಗಲಿಯ ಕಂಬಕ್ಕೆ ಕಟ್ಟಿದೆ. ದಾರಿಯಲ್ಲಿ ಹೋಗುವವರು ತಾರೀಖು, ಪುಸ್ತಕದ ಹೆಸರು, ಎಷ್ಟನೇ ಪುಟ, ಮತ್ತು ಒಂದೇ ಒಂದು ವಾಕ್ಯ ಬರೆಯಬೇಕು. 'ಅದ್ಭುತ' ಎಂದು ಬರೆಯಕೂಡದು. ಮೊದಮೊದಲು ಬಂದವರು ಕುತೂಹಲಕ್ಕೆ ಬರೆದು ಹೋದರು. ಕೊನೆಗೆ ಗಟ್ಟಿಯಾಗಿ ನಿಂತದ್ದು ಐದು ಜನ. ನಾನು, ಆ ಅಮ್ಮ, ನಿವೃತ್ತ ಗಣಿತದ ಮೇಷ್ಟರು, ಬೆಂಗಳೂರಿನ ಕಂಪನಿಯ ಕೆಲಸವನ್ನು ಇಲ್ಲೇ ಕೂತು ಮಾಡುವ ಒಬ್ಬಳು ಹುಡುಗಿ, ಮತ್ತು ಒಬ್ಬ ಬಸ್ ಡ್ರೈವರ್.

ಆ ನೋಟ್‌ಬುಕ್ಕನ್ನು ತೆರೆದೇ ತೋರಿಸುತ್ತೇನೆ. ಮೇಷ್ಟರದು: "ಪುಟ 61. ಲೆಕ್ಕ ತಪ್ಪಿದೆ. ಮಂಗಳವಾರ ಹೊರಟವನು ನಾಲ್ಕು ದಿನ ನಡೆದು ಗುರುವಾರ ತಲುಪಿದ್ದಾನೆ." ಅಮ್ಮನದು: "ಎರಡೇ ಪುಟ. ಕರೆಂಟಿಲ್ಲ." ಹುಡುಗಿಯದು ಒಂದು ಕಡೆ ಹೀಗಿದೆ: "ಪುಟ 140. ಬಿಟ್ಟೆ." ಹೀಗೆ ಬರೆಯಬಹುದು ಎಂದು ಗೊತ್ತಾದ ಮೇಲೆ ಮೇಷ್ಟರು ಮರ್ಯಾದೆಗೆಂದು ಎಂಟು ತಿಂಗಳಿಂದ ಹಿಡಿದಿದ್ದ ಒಂದು ದಪ್ಪ ಪುಸ್ತಕವನ್ನು ಅದೇ ದಿನ ಬಿಟ್ಟರು. ಆಮೇಲೆ ಅವರ ಮುಖವೇ ಹಗುರಾಯಿತು.

ಅದೇ ಹುಡುಗಿ ತೇಜಸ್ವಿಯವರ 'ಕರ್ವಾಲೊ' ಹಿಡಿದಿದ್ದಳು. 1980ರಲ್ಲಿ ಬಂದ ಕಾದಂಬರಿ. ಮೂಡಿಗೆರೆ ಕಡೆಯ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟವರ ಕಥೆ. ನಡುವಿನಲ್ಲಿದ್ದಾಗ ಒಂದು ಬೆಳಿಗ್ಗೆ ಓಡಿಕೊಂಡು ಬಂದಳು. ಅವರ ತೋಟದ ಅಡಿಕೆ ಮರದಲ್ಲೇ ಇದೆಯಂತೆ! ಹೋಗಿ ನೋಡಿದೆ. ತೊಗಟೆಗೂ ಅದಕ್ಕೂ ಭೇದವೇ ಕಾಣಲಿಲ್ಲ. ಸ್ವಲ್ಪ ಹೊತ್ತು ಕಾದ ಮೇಲೆ ಗಂಟಲಿನ ಹಳದಿ ಚೀಲವನ್ನು ಒಮ್ಮೆ ಬಿಚ್ಚಿ ಮಡಚಿತು, ಆಮೇಲೆ ಪಕ್ಕದ ಮರಕ್ಕೆ ತೇಲಿ ಹೋಯಿತು. ಎಷ್ಟೋ ವರ್ಷ ಅದೇ ತೋಟದ ದಾರಿಯಲ್ಲಿ ಟಪಾಲು ಹೊತ್ತವನು ನಾನು, ಒಂದು ದಿನವೂ ಕಂಡಿರಲಿಲ್ಲ. ಪುಸ್ತಕ ಮುಗಿಸಿ ಕಪಾಟಿಗಿಟ್ಟ ಮೇಲೆ ಅವಳು ಹೇಳಿದ್ದರೆ ನಾನು ಹೋಗುತ್ತಿದ್ದೆನೋ ಇಲ್ಲವೋ.

ಪುಸ್ತಕ ಕೈಯಿಂದ ಕೈಗೆ ಹೋಗುವುದು ಹೇಗೆ ಎಂದು ಕೇಳಬೇಡಿ. ಕೆಲವು ಪಂಚಾಯಿತಿಯ ಲೈಬ್ರರಿಯಿಂದ ಬರುತ್ತವೆ. ಅದಕ್ಕೀಗ ಅರಿವು ಕೇಂದ್ರ ಎಂದು ಹೆಸರು. ಹಿಂದೆ ಕೊಪ್ಪ, ಶೃಂಗೇರಿಯಿಂದ ಪುಸ್ತಕ ಬರಬೇಕಾದರೆ ಸಹಕಾರ ಸಾರಿಗೆಯ ಕಂಡಕ್ಟರ ಕೈಗೆ ಕೊಟ್ಟರೆ ಆಗಿತ್ತು. 1991ರಲ್ಲಿ ಕಾರ್ಮಿಕರೇ ಸೇರಿ ಕೊಪ್ಪದಲ್ಲಿ ಕಟ್ಟಿಕೊಂಡ ಬಸ್ಸು ಅದು. ಮದ್ದು, ಮಗ್ಗಿಪುಸ್ತಕ, ಮದುವೆ ಕಾಗದ ಎಲ್ಲವೂ ಅದರಲ್ಲೇ. 2020ರಲ್ಲಿ ಅದು ನಿಂತಿತು. 2024ರ ಡಿಸೆಂಬರಿನಲ್ಲಿ ಅಂಚೆಯ ರಿಜಿಸ್ಟರ್ಡ್ ಬುಕ್ ಪೋಸ್ಟೂ ನಿಂತಾಗ ನನಗೆ ನೆಂಟರು ತೀರಿಕೊಂಡ ಹಾಗಾಗಿತ್ತು. ಆಮೇಲೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು: ಮುನ್ನೂರು ಗ್ರಾಮಿಗೆ 20 ರೂಪಾಯಿ, ಐದು ಕಿಲೋಗೆ 100. ಪರವಾಗಿಲ್ಲ. ನಮ್ಮಲ್ಲಿಗೆ ಬಂದ ಪುಸ್ತಕಕ್ಕೆ ಮಾತ್ರ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹತ್ತುತ್ತದೆ. ಅದಕ್ಕೆ ಒಲೆಯ ಮೇಲಿನ ಅಟ್ಟವೇ ಗತಿ. ಹೊಗೆ ವಾಸನೆ ಬಾರದ ಪುಸ್ತಕ ನಮ್ಮ ಐವರಲ್ಲಿ ಯಾರ ಹತ್ತಿರವೂ ಇಲ್ಲ.

ಹುಡುಗಿ ಒಂದು ವಾಟ್ಸಾಪ್ ಗುಂಪನ್ನೂ ಮಾಡಿದಳು. ಅದರಲ್ಲಿ ಯಾರೋ ನೆಂಟರು ಸೇರಿಕೊಂಡು, ಈ ವರ್ಷ ಐವತ್ತೆರಡು ಪುಸ್ತಕ ಮುಗಿಸಿದೆ ಎಂದು ಪಟ್ಟಿ ಹಾಕತೊಡಗಿದರು. ಕಾಫಿ ಲೋಟದ ಪಕ್ಕ ಪುಸ್ತಕ ಇಟ್ಟು ಫೋಟೊ ಬೇರೆ. ಅದು ಓದಿದ್ದರ ಸುದ್ದಿಯಲ್ಲ, ಕೊಯ್ಲಿನ ಲೆಕ್ಕ. ನನಗೆ ಸರಿಬರಲಿಲ್ಲ. ಹೇಗೂ ನಮ್ಮ ಮನೆಯಲ್ಲಿ ಇಂಟರ್ನೆಟ್ ಸಿಗಬೇಕಾದರೆ ಹಿಂದಿನ ದಿಬ್ಬ ಹತ್ತಬೇಕು, ಹಾಗಾಗಿ ಜಗಳವಿಲ್ಲದೆ ಬಿಟ್ಟುಹೋಯಿತು.

ಈ ಮಳೆಗಾಲ ಮೂವರು ಒಟ್ಟಿಗೆ 'ಮಲೆಗಳಲ್ಲಿ ಮದುಮಗಳು' ಹಿಡಿದೆವು. ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲೇ ಇದೆ, ಓದದೆ ಹೋದರೆ ನಾಚಿಕೆ. ನನಗೆ ಇದು ಮೂರನೇ ಸಲ, ಅಮ್ಮನಿಗೆ ಎರಡನೆಯದು, ಡ್ರೈವರಿಗೆ ಮೊದಲು. ಶುರುವಿನಲ್ಲೇ ತೊಡಕಾಯಿತು. ಅಮ್ಮನ ಹತ್ತಿರ ಇದ್ದದ್ದು ಹಳೆಯ ಮುದ್ರಣ, ಡ್ರೈವರ್ ತಂದದ್ದು ಹೊಸತು. ಒಬ್ಬರ ಪುಟ ಇನ್ನೊಬ್ಬರಿಗೆ ಹೊಂದುವುದಿಲ್ಲ. ಅದಕ್ಕೆ ಪುಟದ ಬದಲು ಸ್ಥಳದ ಹೆಸರು ಹೇಳುವುದೆಂದಾಯಿತು. ಕಾದಂಬರಿಯಲ್ಲಿ ಬರುವ ಊರು, ಗುಡ್ಡಗಳಿಗೆ ಕೊರತೆಯೇ? ಒಂದು ದಿನ ಡ್ರೈವರ್ ಅವರ ಬಸ್ಸಿನಲ್ಲೇ ಹೋಗುತ್ತಿದ್ದೆ. ಹತ್ತುವಾಗ, "ಎಲ್ಲಿದೀರಿ?" ಎಂದೆ. ಗೇರು ಬದಲಿಸುತ್ತ, "ಮೇಗರವಳ್ಳಿ ದಾಟಿಲ್ಲ. ನೀವು?" ಎಂದರು. "ನಾನು ಹುಲಿಕಲ್ಲು ನೆತ್ತೀಲಿದೀನಿ" ಎಂದೆ. ಮುಂದಿನ ಸೀಟಿನಲ್ಲಿ ಕೂತಿದ್ದ ಅಜ್ಜನೊಬ್ಬ ಗಾಬರಿಯಿಂದ ಕಿಟಕಿಯಾಚೆ ನೋಡಿ, "ಈ ಬಸ್ಸು ಶೃಂಗೇರಿಗೆ ಹೋಗುದಲ್ವನಾ?" ಎಂದ.

ಡ್ರೈವರಿಗೆ ಓದಲು ಸಿಗುವುದು ಎರಡು ಟ್ರಿಪ್ಪಿನ ನಡುವಿನ ಇಪ್ಪತ್ತು ನಿಮಿಷ, ಮತ್ತೆ ರಾತ್ರಿ. ಏಳುನೂರಕ್ಕೂ ಹೆಚ್ಚು ಪುಟದ ಪುಸ್ತಕವನ್ನು ಹಾಗೆ ಓದುವುದೆಂದರೆ ಲೋಟದಲ್ಲಿ ಕೆರೆ ಖಾಲಿ ಮಾಡಿದಂತೆ. ಆದರೂ ಅವರು ಹಿಡಿದು ಕೂತದ್ದು ನಾಯಿಗುತ್ತಿಯ ನಾಯಿ ಹುಲಿಯನಿಗಾಗಿ. ಅವರ ಮನೆಯಲ್ಲೂ ಅಂಥದೇ ಒಂದಿದೆ. ಬಸ್ಸಿನ ಹಾರನ್ ಗುರುತಿಟ್ಟು ತಿರುವಿನ ತನಕ ಓಡಿ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಮದುಮಗಳು ಚಿನ್ನಮ್ಮನ ಬಗ್ಗೆ ಒಂದಕ್ಷರವಿಲ್ಲ. "ಹುಲಿಯ ಇವತ್ತು ಕಾಣಲಿಲ್ಲ." "ಹುಲಿಯ ಬಂದ." ಹೀಗೇ ಎರಡು ತಿಂಗಳು.

ನಮ್ಮಲ್ಲಿ ಇರುವ ಒಂದೇ ಗಟ್ಟಿ ಕಾನೂನು ಇದು: ಇನ್ನೊಬ್ಬರು ತಲುಪಿದ ಪುಟದಿಂದ ಆಚೆಗಿನದು ಬಾಯಿ ಬಿಡಬಾರದು. ಒಂದು ಭಾನುವಾರ ಡ್ರೈವರ್ ಜಗಲಿಯಲ್ಲಿ ಕೂತು, "ಅದಕ್ಕೆ ಏನೂ ಆಗಲ್ಲ ಅಲ್ವಾ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಎಲೆಗೆ ಸುಣ್ಣ ಹಚ್ಚುತ್ತ, "ಓದಿ" ಎಂದರು. ನನ್ನ ಕಡೆ ತಿರುಗಿದರು. ನಾನು ಮಳೆ ನೋಡಿದೆ. ಆ ನಾಯಿಯ ಗತಿ ಏನಾಗುತ್ತದೆಂದು ಇಲ್ಲಿಯೂ ಬರೆಯುವುದಿಲ್ಲ. ನಿಮ್ಮಲ್ಲಿ ಯಾರಾದರೂ ನಡುವಿನಲ್ಲಿರಬಹುದು.

ಡ್ರೈವರಿಗೂ ನನಗೂ ಒಂದು ಒಪ್ಪಂದವಾಗಿತ್ತು. ಆ ಜಾಗ ತಲುಪಿದಾಗ ಎಷ್ಟು ಹೊತ್ತಾಗಿದ್ದರೂ ಒಂದು ಮಿಸ್ಡ್ ಕಾಲ್ ಕೊಡಬೇಕು. ನಿನ್ನೆ ರಾತ್ರಿ ಹನ್ನೊಂದೂವರೆಗೆ ಫೋನು ಎರಡು ಸಲ ಹೊಡೆದುಕೊಂಡು ನಿಂತಿತು. ಎದ್ದು ಕೂತೆ. ಹಂಚಿನ ಮೇಲೆ ಮಳೆ ಹುಯ್ಯುತ್ತಿತ್ತು. ತಿರುಗಿ ಮಾಡಲಿಲ್ಲ.