ಮರ ಕೊಡುವುದು ರಸ, ಬೆಲೆ ಕೊಡಿಸುವುದು ಸಂಘ

2012ರ ಬೇಸಿಗೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಒಂದು ಗೋದಾಮಿನಲ್ಲಿ ವರ್ಷದ ದಾಸ್ತಾನು ಲೆಕ್ಕ ನಡೀತಿತ್ತು. ಪೇರಿಸಿಟ್ಟ ಬ್ಯಾರಲ್‌ಗಳ ಮೇಲೆ ಹತ್ತಿದ ತಪಾಸಕರ ಕಾಲಡಿ ಒಂದು ಬ್ಯಾರಲ್ ಅಲುಗಾಡಿತು. ಮುನ್ನೂರು ಕೆಜಿ ಹತ್ತಿರ ತೂಗಬೇಕಾದದ್ದು ಖಾಲಿ! ಬೇರೆ ಕೆಲವನ್ನು ತೆರೆದು ನೋಡಿದರೆ ಒಳಗಿದ್ದದ್ದು ಬರೀ ನೀರು. ಕೊನೆಗೆ ಲೆಕ್ಕ ಹಾಕಿದಾಗ ಸುಮಾರು 3,000 ಟನ್ ಮೇಪಲ್ ಸಿರಪ್ ಕಳುವಾಗಿತ್ತು. ಅದರ ಬೆಲೆ ಹತ್ತಿರ ಹತ್ತಿರ 1.8 ಕೋಟಿ ಕೆನಡಿಯನ್ ಡಾಲರ್.

ಈ ಕಥೆ ಕೇಳಿದವರೆಲ್ಲ ಕಳ್ಳರ ಬಗ್ಗೆ ಮಾತಾಡ್ತಾರೆ. ಆದರೆ ಅದಕ್ಕಿಂತ ಕುತೂಹಲದ ಪ್ರಶ್ನೆ ಬೇರೆ ಇದೆ. ದೋಸೆಯಂಥ ಪ್ಯಾನ್‌ಕೇಕ್ ಮೇಲೆ ಸುರಿದುಕೊಳ್ಳುವ ಒಂದು ಸಿಹಿ ಪಾಕವನ್ನು ಸಾವಿರಾರು ಟನ್ ಲೆಕ್ಕದಲ್ಲಿ ಮಾರದೇ ಯಾಕೆ ಕೂಡಿಟ್ಟಿದ್ದರು? ಕೂಡಿಟ್ಟವರು ಯಾರು? ಉತ್ತರ: ರೈತರದ್ದೇ ಒಂದು ಒಕ್ಕೂಟ. ಅದು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯಬೇಕಾದರೆ ಮೊದಲು ಮರದ ಹತ್ತಿರ ಹೋಗಬೇಕು.

ರಸದಿಂದ ಸಿರಪ್

ಮೇಪಲ್ ರಸ ಹರಿಯುವುದು ವರ್ಷಕ್ಕೆ ನಾಲ್ಕರಿಂದ ಆರು ವಾರ ಮಾತ್ರ, ಚಳಿಗಾಲ ಮುಗಿದು ವಸಂತ ಶುರುವಾಗುವ ಸಂಧಿಯಲ್ಲಿ. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯಬೇಕು, ಹಗಲು ಸೊನ್ನೆಗಿಂತ ಮೇಲೇರಬೇಕು. ರಾತ್ರಿ ಹೆಪ್ಪುಗಟ್ಟುವಾಗ ಕಾಂಡದೊಳಗೆ ಒತ್ತಡ ಕುಸಿದು ಬೇರಿನಿಂದ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ಹಗಲು ಕರಗಿದಾಗ ಒತ್ತಡ ಏರಿ, ಕಾಂಡಕ್ಕೆ ಕೊರೆದ ಸಣ್ಣ ತೂತಿನಿಂದ ರಸ ಹೊರಗೆ ಬರುತ್ತದೆ. ಅಂದ್ರೆ ಈ ಪಂಪ್ ನಡೆಸೋದು ಹವಾಮಾನ. ಒಂದು ವಾರ ಬಿಸಿಲು ಜೋರಾದರೆ ಮೊಗ್ಗು ಉಬ್ಬಿ ರಸದ ರುಚಿ ಕೆಡುತ್ತದೆ, ಆ ವರ್ಷದ ಕೆಲಸ ಅಲ್ಲಿಗೆ ಮುಗೀತು.

ಆ ರಸದಲ್ಲಿ ಸಕ್ಕರೆ ಇರುವುದು ಸುಮಾರು 2 ಶೇಕಡಾ. ಸಿರಪ್ ಆಗಬೇಕಾದರೆ 66 ಬ್ರಿಕ್ಸ್ ತಲುಪಬೇಕು. ಅಲ್ಲಿನವರು ಬಳಸುವ ಸರಳ ಸೂತ್ರ ಒಂದಿದೆ: 86ನ್ನು ರಸದ ಸಕ್ಕರೆ ಶೇಕಡಾವಾರಿನಿಂದ ಭಾಗಿಸಿ. 2 ಶೇಕಡಾ ಇದ್ದರೆ ಒಂದು ಲೀಟರ್ ಸಿರಪ್‌ಗೆ 43 ಲೀಟರ್ ರಸ ಬೇಕು. ಉಳಿದದ್ದೆಲ್ಲ ನೀರು, ಅದನ್ನು ಆವಿ ಮಾಡಬೇಕು. ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವುದು ನೋಡಿದವರಿಗೆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಆದರೆ ಕಬ್ಬಿನ ಹಾಲಿಗೆ ಹೋಲಿಸಿದರೆ ಇದು ಹೆಚ್ಚುಕಡಿಮೆ ನೀರೇ. ಅದಕ್ಕೇ ಈಗ ದೊಡ್ಡ ಉತ್ಪಾದಕರು ಮೊದಲು ರಿವರ್ಸ್ ಆಸ್ಮೋಸಿಸ್ ಯಂತ್ರಕ್ಕೆ ರಸ ಹಾಯಿಸುತ್ತಾರೆ. 2 ಶೇಕಡಾ ಇದ್ದದ್ದು 8 ಶೇಕಡಾ ಆದರೆ ಮುಕ್ಕಾಲು ಭಾಗ ನೀರು ಒಲೆ ಹಚ್ಚುವ ಮೊದಲೇ ಹೋಯ್ತು. ಇಂಧನದ ಖರ್ಚು ಎಷ್ಟು ಉಳಿಯುತ್ತೆ ಅಂತ ನೀವೇ ಊಹಿಸಿ.

ಸಮಸ್ಯೆ ಎಲ್ಲಿದೆ?

ಮೇಪಲ್ ಮರ ರಸ ತೆಗೆಯುವಷ್ಟು ದಪ್ಪ ಆಗಲು ಸುಮಾರು 40 ವರ್ಷ ಬೇಕು. ಬೇಡಿಕೆ ಹೆಚ್ಚಾಯ್ತು ಅಂತ ಮುಂದಿನ ವರ್ಷಕ್ಕೆ ಹೊಸ ತೋಟ ಎಬ್ಬಿಸೋಕೆ ಆಗಲ್ಲ. ಇತ್ತ ಇಳುವರಿ ಹವಾಮಾನದ ಕೈಯಲ್ಲಿ. ಕ್ವಿಬೆಕ್‌ನಲ್ಲಿ 2021ರಲ್ಲಿ ಸುಮಾರು 60 ಸಾವಿರ ಟನ್ ಸಿರಪ್ ಬಂತು, 2022ರಲ್ಲಿ ಸುಮಾರು 96 ಸಾವಿರ, 2023ರಲ್ಲಿ ಮತ್ತೆ ಕುಸಿದು ಸುಮಾರು 56 ಸಾವಿರ, 2024ರಲ್ಲಿ ಲಕ್ಷ ಟನ್ ದಾಟಿತು. ತಿನ್ನುವವರ ಸಂಖ್ಯೆ ಮಾತ್ರ ಹೀಗೆ ಏರಿಳಿಯುವುದಿಲ್ಲ.

ಇಂಥ ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತೆ? ಬೆಳೆ ಜಾಸ್ತಿ ಬಂದ ವರ್ಷ ಬೆಲೆ ನೆಲಕಚ್ಚುತ್ತದೆ. ಬೆಳೆ ಕಡಿಮೆಯಾದ ವರ್ಷ ಬೆಲೆ ಏರುತ್ತದೆ, ಆದರೆ ಮಾರಲು ಮಾಲಿಲ್ಲ. ಎರಡೂ ವರ್ಷ ನಷ್ಟ ರೈತನಿಗೇ. ಟೊಮ್ಯಾಟೊ ಬೆಳೆಯುವವರ ಮನೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಕ್ಕೂಟ ಎಂಬ ಕೆಪಾಸಿಟರ್

ಜಗತ್ತಿನ ಮೇಪಲ್ ಸಿರಪ್‌ನಲ್ಲಿ 70 ಶೇಕಡಾಕ್ಕೂ ಹೆಚ್ಚು ಬರುವುದು ಕ್ವಿಬೆಕ್ ಒಂದರಿಂದಲೇ. ಅಲ್ಲಿನ ಉತ್ಪಾದಕರ ಒಕ್ಕೂಟ ಹುಟ್ಟಿದ್ದು 1966ರಲ್ಲಿ. ಇಂದು ಅದರಡಿ ಸುಮಾರು 13 ಸಾವಿರ ಉತ್ಪಾದಕರಿದ್ದಾರೆ. 2000ದಲ್ಲಿ ಬೆಳೆ ಹೆಚ್ಚಾಗಿ ಮಾಲು ಉಳಿದಾಗ ಒಕ್ಕೂಟ ಒಂದು ಮೀಸಲು ದಾಸ್ತಾನು ಶುರುಮಾಡಿತು. ಹೆಚ್ಚಾದ ಸಿರಪ್ ಅನ್ನು ಪಾಶ್ಚರೀಕರಿಸಿ, ಬ್ಯಾರಲ್‌ಗೆ ತುಂಬಿ, ಮೊಹರು ಹಾಕಿ ಇಡುವುದು. ಹಾಗಿಟ್ಟರೆ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಕೊರತೆಯಾದ ವರ್ಷ ಹೊರಗೆ ಬಿಡುವುದು.

ರೆಕ್ಟಿಫೈಯರ್ ಸರ್ಕ್ಯೂಟ್ ಪಕ್ಕ ಹಾಕುವ ಕೆಪಾಸಿಟರ್ ನೆನಪಿಸಿಕೊಳ್ಳಿ. ವೋಲ್ಟೇಜ್ ಏರಿದಾಗ ಚಾರ್ಜ್ ಆಗುತ್ತೆ, ಇಳಿದಾಗ ಕೊಡುತ್ತೆ, ಔಟ್‌ಪುಟ್‌ನಲ್ಲಿ ರಿಪಲ್ ಕಡಿಮೆಯಾಗುತ್ತೆ. ಈ ದಾಸ್ತಾನಿನ ಕೆಲಸವೂ ಅದೇ. 2021ರಲ್ಲಿ ಇಳುವರಿ ಬಿದ್ದು, ಬೇಡಿಕೆ ಏರಿದಾಗ ಒಕ್ಕೂಟ ಸುಮಾರು 22 ಸಾವಿರ ಟನ್ ಸಿರಪ್ ಅನ್ನು ದಾಸ್ತಾನಿನಿಂದ ಹೊರಬಿಟ್ಟಿತು. ಅಂಗಡಿಗಳ ಕಪಾಟು ಖಾಲಿಯಾಗಲಿಲ್ಲ. 2012ರಲ್ಲಿ ಕಳ್ಳರು ಕದ್ದದ್ದು ಈ ಕೆಪಾಸಿಟರ್‌ನ ಚಾರ್ಜನ್ನೇ.

ದಾಸ್ತಾನು ಒಂದೇ ಸಾಲದು. ಬ್ಯಾರಲ್‌ನಲ್ಲಿ ಮಾರುವ ಸಿರಪ್ ಎಲ್ಲವೂ ಒಕ್ಕೂಟದ ಮೂಲಕವೇ ಹೋಗಬೇಕು. ಖರೀದಿ ಮಾಡುವ ಕಂಪನಿಗಳ ಪ್ರತಿನಿಧಿಗಳ ಜೊತೆ ಕೂತು, ದರ್ಜೆವಾರು ಕನಿಷ್ಠ ಬೆಲೆ ನಿಗದಿ ಮಾಡುವುದು ಒಕ್ಕೂಟದ ಕೆಲಸ. ಕಾಡಿನ ನಡುವೆ ಒಬ್ಬನೇ ಕೂತು ರಸ ಕಾಯಿಸುವ ರೈತ ದೊಡ್ಡ ಕಂಪನಿ ಜೊತೆ ಚೌಕಾಸಿ ಮಾಡಲಾರ, 13 ಸಾವಿರ ಜನ ಒಟ್ಟಾದರೆ ಮಾಡಬಹುದು. ಪ್ರತಿ ಬ್ಯಾರಲ್‌ನ ಬಣ್ಣ, ಬ್ರಿಕ್ಸ್, ರುಚಿ ಮೂರನ್ನೂ ಸ್ವತಂತ್ರ ತಪಾಸಕರು ಪರೀಕ್ಷಿಸುತ್ತಾರೆ. ಹಾಗಾಗಿ ದರ್ಜೆ ವಿಷಯದಲ್ಲಿ ಕೊಳ್ಳುವವನ ಮಾತೇ ಕೊನೆಯಲ್ಲ.

ಇದರ ಬೆಲೆಯೂ ಉಂಟು

ಇಷ್ಟೆಲ್ಲ ಕೇಳಿ ಸಂಘ ಅಂದ್ರೆ ಬರೀ ಒಳ್ಳೇದೇ ಅನ್ಕೊಳ್ಳಬೇಡಿ. ದಾಸ್ತಾನು ಉಕ್ಕಿ ಹರಿಯಬಾರದು ಅಂದ್ರೆ ಒಳಗೆ ಬರುವುದಕ್ಕೂ ಮಿತಿ ಬೇಕು. ಅದಕ್ಕೆ 2004ರಿಂದ ಕೋಟಾ ಬಂತು: ಯಾರು ಎಷ್ಟು ಮಾರಬಹುದು ಅಂತ ಮೊದಲೇ ನಿಗದಿ. ಕೋಟಾ ಮೀರಿದ ಸಿರಪ್ ದಾಸ್ತಾನಿಗೆ ಹೋಗುತ್ತದೆ, ಅದು ಮಾರಾಟವಾದ ಮೇಲೇ ಹಣ. ಬ್ಯಾಂಕ್ ಸಾಲ ಮಾತ್ರ ಕಾಯುವುದಿಲ್ಲ.

ಇದರ ವಿರುದ್ಧ ಕೆಲವು ಉತ್ಪಾದಕರು ಬಂಡೆದ್ದರು. ನನ್ನ ಮರ, ನನ್ನ ದುಡಿಮೆ, ನಾನು ಯಾರಿಗೆ ಮಾರಬೇಕೆಂದು ಸಂಘ ಯಾಕೆ ಹೇಳಬೇಕು ಅನ್ನುವುದು ಅವರ ವಾದ. ಪಕ್ಕದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ವ್ಯಾಪಾರಿಗಳಿಗೆ ಬ್ಯಾರಲ್ ಮಾರಿದವರೂ ಇದ್ದರು. ಒಕ್ಕೂಟ ದಂಡ ಹಾಕಿತು, ಮಾಲು ವಶಪಡಿಸಿಕೊಂಡಿತು, ಜಗಳ ಕೋರ್ಟ್ ಮೆಟ್ಟಿಲೇರಿತು. ಆದರೆ ಒಕ್ಕೂಟದ ಉತ್ತರವನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಎಲ್ಲರೂ ಕೋಟಾ ಪಾಲಿಸಿದ್ದರಿಂದ ಬೆಲೆ ನಿಂತಿದೆ. ಆ ಬೆಲೆಯ ನೆರಳಲ್ಲಿ ನಿಂತು ಒಬ್ಬನು ಹೊರಗೆ ಮಾರಿಕೊಂಡರೆ ಲಾಭ ಅವನಿಗೆ, ಹೊರೆ ಉಳಿದವರಿಗೆ.

ಬಲವಂತ ಇಲ್ಲದ ದಾರಿ

ಗಡಿಯಾಚೆ, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಕಥೆ ಬೇರೆ. ಆ ದೇಶದಲ್ಲಿ ಅತಿ ಹೆಚ್ಚು ಸಿರಪ್ ಮಾಡುವ ರಾಜ್ಯ ಅದು. ಅಲ್ಲಿನ ಉತ್ಪಾದಕರ ಸಂಘ 1893ರಷ್ಟು ಹಳೆಯದು. ಕೋಟಾ ಇಲ್ಲ, ಬೆಲೆ ನಿಗದಿ ಇಲ್ಲ. ಸೇರುವುದು ಬಿಡುವುದು ನಿಮ್ಮಿಷ್ಟ. ಇಂಥ ಸಂಘ ಕೊಡುವ ನೆರವು ಮುಖ್ಯವಾಗಿ ತಿಳಿವಳಿಕೆ, ಪ್ರಚಾರ ಮತ್ತು ಸರ್ಕಾರದ ಮುಂದೆ ಒಂದು ದನಿ. ಮಾರ್ಚ್‌ನಲ್ಲಿ ರಸ ಕಾಯಿಸುವ ಮನೆಗಳನ್ನು ಸಾರ್ವಜನಿಕರಿಗೆ ತೆರೆದಿಡುವ ವಾರಾಂತ್ಯ ನಡೆಸುತ್ತಾರೆ.

ವರ್ಮಾಂಟ್ ವಿಶ್ವವಿದ್ಯಾಲಯಕ್ಕೆ ಮೇಪಲ್‌ಗೆಂದೇ ಒಂದು ಸಂಶೋಧನಾ ಕೇಂದ್ರವಿದೆ, ಹೆಸರು ಪ್ರಾಕ್ಟರ್. ರಾತ್ರಿ ಒತ್ತಡ ಕುಸಿದಾಗ ಕೊಳವೆಯಲ್ಲಿದ್ದ ರಸ ಬ್ಯಾಕ್ಟೀರಿಯಾ ಸಮೇತ ತೂತಿನೊಳಕ್ಕೆ ವಾಪಸ್ ಹೋಗುತ್ತೆ, ಇದರಿಂದ ತೂತು ಬೇಗ ಮುಚ್ಚಿಕೊಳ್ಳುತ್ತೆ. ಅದನ್ನು ತಡೆಯಲು ಅಲ್ಲಿನವರು ನಳಿಕೆಯೊಳಗೆ ಒಂದು ಚಿಕ್ಕ ಚೆಕ್ ವಾಲ್ವ್ ಕೂರಿಸಿದರು. ಇಂಥ ಸಂಶೋಧನೆ ಕಾಡಿನ ರೈತನಿಗೆ ತಲುಪುವುದು ಬಹುಮಟ್ಟಿಗೆ ಸಂಘಗಳ ಸಭೆ, ತರಬೇತಿಗಳ ಮೂಲಕ.

ಸರ್ಕಾರದ ಮುಂದೆ ದನಿ ಅಂದೆನಲ್ಲ, ಅದಕ್ಕೊಂದು ಉದಾಹರಣೆ. ಅಮೆರಿಕದ ಆಹಾರ ಇಲಾಖೆಯ ಹೊಸ ಲೇಬಲ್ ನಿಯಮದಂತೆ ಶುದ್ಧ ಮೇಪಲ್ ಸಿರಪ್, ಜೇನುತುಪ್ಪಗಳ ಮೇಲೂ "ಸೇರಿಸಿದ ಸಕ್ಕರೆ" ಅಂತ ನಮೂದಿಸಬೇಕಾಗಿತ್ತು. ಏನನ್ನೂ ಸೇರಿಸದ ವಸ್ತುವಿನ ಮೇಲೆ ಹಾಗೆ ಬರೆದರೆ ಕೊಳ್ಳುವವನು ಕಲಬೆರಕೆ ಅಂದುಕೊಳ್ಳುತ್ತಾನೆ! ಉತ್ಪಾದಕರು ಒಟ್ಟಾಗಿ ವಿರೋಧಿಸಿದರು. 2018ರ ಕೃಷಿ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಸಿಕ್ಕಿತು.

ಎರಡೂ ದೇಶಗಳ ಸಂಘಗಳು ಸೇರಿ ಮಾಡಿದ ಇನ್ನೊಂದು ಕೆಲಸ ದರ್ಜೆಗಳ ಏಕೀಕರಣ. 1975ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಮೇಪಲ್ ಸಿರಪ್ ಸಂಸ್ಥೆ ಇದರ ಹಿಂದೆ ಬಿದ್ದಿತ್ತು. ಮೊದಲು ಪ್ರದೇಶಕ್ಕೊಂದು ಹೆಸರು. "ಗ್ರೇಡ್ ಬಿ" ಅಂದರೆ ಕಳಪೆ ಅಂತ ಜನ ತಿಳಿಯುತ್ತಿದ್ದರು, ನಿಜದಲ್ಲಿ ಅದು ಗಾಢ ಬಣ್ಣದ್ದು ಅಷ್ಟೇ. ಈಗ 560 ನ್ಯಾನೋಮೀಟರ್ ಬೆಳಕು ಎಷ್ಟು ಹಾದುಹೋಗುತ್ತದೆ ಎಂಬುದೇ ಅಳತೆ: 75 ಶೇಕಡಾ ಮತ್ತು ಮೇಲಿದ್ದರೆ ಗೋಲ್ಡನ್, 50ರಿಂದ 75ರೊಳಗೆ ಆಂಬರ್, 25ರಿಂದ 50ರೊಳಗೆ ಡಾರ್ಕ್, ಅದಕ್ಕೂ ಕೆಳಗೆ ವೆರಿ ಡಾರ್ಕ್. ಮಾರಾಟಕ್ಕಿರುವ ನಾಲ್ಕೂ "ಗ್ರೇಡ್ ಎ".

ಹಾಗಾದರೆ ಯಾವುದು ಸರಿ?

ಕ್ವಿಬೆಕ್ ರೈತನಿಗೆ ಬೆಲೆಯ ಭದ್ರತೆ ಇದೆ, ಸ್ವಾತಂತ್ರ್ಯ ಕಡಿಮೆ. ವರ್ಮಾಂಟ್ ರೈತನಿಗೆ ಸ್ವಾತಂತ್ರ್ಯ ಇದೆ, ಬೆಲೆ ಬಿದ್ದರೆ ಹಿಡಿಯುವ ಕೈ ಇಲ್ಲ. ಇನ್ನೂ ಒಂದು ತಮಾಷೆ ಏನಂದ್ರೆ, ಕ್ವಿಬೆಕ್ ಒಕ್ಕೂಟ ದಾಸ್ತಾನಿಟ್ಟು ಹಿಡಿದು ನಿಲ್ಲಿಸಿದ ಬೆಲೆಯ ಲಾಭ ಏನೂ ಕೊಡದ ವರ್ಮಾಂಟ್ ರೈತನಿಗೂ ಸಿಗುತ್ತದೆ. ಯಾಕಂದ್ರೆ ಮಾರುಕಟ್ಟೆ ಒಂದೇ.

ಕೆಪಾಸಿಟರ್‌ಗೂ ಒಂದು ಮಿತಿ ಇದೆ. ಬೇಡಿಕೆ ವರ್ಷ ವರ್ಷ ಏರುತ್ತಿದೆ, ಚಳಿಗಾಲ ಮೊದಲಿನಂತಿಲ್ಲ. 2023ರ ಕೆಟ್ಟ ಇಳುವರಿಯ ನಂತರ ದಾಸ್ತಾನು ಹಲವು ವರ್ಷಗಳಲ್ಲೇ ಕಡಿಮೆ ಮಟ್ಟಕ್ಕೆ ಇಳಿದಿತ್ತು. ಒಕ್ಕೂಟ ಈಗಾಗಲೇ ಲಕ್ಷಾಂತರ ಹೊಸ ಟ್ಯಾಪ್‌ಗಳಿಗೆ ಅನುಮತಿ ಕೊಟ್ಟಿದೆ, ಸರ್ಕಾರಿ ಕಾಡಿನ ಮೇಪಲ್ ಮರಗಳನ್ನು ನಾಟಾಕ್ಕೆ ಕಡಿಯಬೇಡಿ ಅಂತ ಹೋರಾಡುತ್ತಿದೆ. ನಲವತ್ತು ವರ್ಷ ಮುಂದೆ ಯಾರೋ ರಸ ತೆಗೆಯಬೇಕಾದ ಮರಕ್ಕಾಗಿ ಇವತ್ತು ವಾದ ಮಾಡಲು ಒಬ್ಬ ರೈತನಿಗೆ ಪುರುಸೊತ್ತು ಇರುವುದಿಲ್ಲ. ಆ ಕೆಲಸಕ್ಕೆ ಸಂಘವೇ ಬೇಕು.

ಕೊನೆಗೊಂದು ಮಾತು. ನಮ್ಮ ಸೂಪರ್ ಮಾರ್ಕೆಟ್‌ಗಳಲ್ಲೂ ಈಗ ಈ ಬಾಟಲಿ ಸಿಗುತ್ತೆ. ಕೊಳ್ಳುವ ಮೊದಲು ಹಿಂದೆ ತಿರುಗಿಸಿ ಓದಿ. "ಮೇಪಲ್ ಫ್ಲೇವರ್" ಅಂತಿದ್ದು, ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಪಾಕ ಅಥವಾ ಕಾರ್ನ್ ಸಿರಪ್ ಇದ್ದರೆ, ಅದಕ್ಕೂ ಈ ಮರಕ್ಕೂ ಸಂಬಂಧ ಇಲ್ಲ. ಒಂದೇ ಪದಾರ್ಥ ಇದ್ದರೆ ಮಾತ್ರ ಅದು ಅಸಲಿ.